ಗಣಕಯಂತ್ರದಲ್ಲಿ ಕನ್ನಡ ನಡೆದು ಬಂದ ದಾರಿ

ಗಣಕಯಂತ್ರದ ಮುಂದೆ ಕುಳಿತು ಊರಿನ ಬಂಧುಗಳಿಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯುವುದು ಇಂದು ವಿಶೇಷವಾದ ಸಂಗತಿಯೇನೂ ಅಲ್ಲ. ಆದರೆ ಈ ಸೌಕರ್ಯದ ಹಿಂದೆ ನಾಲ್ಕು ದಶಕಗಳ ಪರಿಶ್ರಮವುಂಟು. ಆ ಪರಿಶ್ರಮದ ಬಹುಭಾಗ ನಡೆದುದು ಕರ್ನಾಟಕದ ಎಲ್ಲೆಯ ಹೊರಗೆ ಎಂಬುದು ಹೊರನಾಡಿನಲ್ಲಿ ನೆಲಸಿರುವ ನಾವು ತಿಳಿದಿರತಕ್ಕ ವಿಷಯ. ಈ ಇತಿಹಾಸ ನಮ್ಮ ಸಂಘಗಳ ಕಪಾಟಿನಲ್ಲಿ ಒಂದು ಬಾಕಿ ಕೆಲಸವನ್ನೂ ಉಳಿಸಿದೆ. ಅದನ್ನು ಕೊನೆಯಲ್ಲಿ ಹೇಳುವೆ.

ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳು ಒಂದರ ಪಕ್ಕದಲ್ಲೊಂದು ತೆಪ್ಪಗೆ ನಿಲ್ಲತಕ್ಕವು. ನಮ್ಮ ಅಕ್ಷರಗಳು ಹಾಗಲ್ಲ. ತಲೆಕಟ್ಟು ಮೇಲಕ್ಕೆ, ಒತ್ತು ಕೆಳಕ್ಕೆ, ಅರ್ಕಾವತ್ತು ಬಲಕ್ಕೆ, ಹೀಗೆ ಒಂದೊಂದಕ್ಕೂ ಒಂದೊಂದು ಸಂಸಾರ. ಕೆ. ಅನಂತಸುಬ್ಬರಾಯರು ಕನ್ನಡ ಬೆರಳಚ್ಚು ಯಂತ್ರಕ್ಕೆ ಕೀಲಿಮಣೆಯನ್ನು ರೂಪಿಸಿದಾಗಲೂ ಈ ಸಂಸಾರವನ್ನು ತುಂಡು ತುಂಡಾಗಿ ಬಿಡಿಸಿಯೇ ಜೋಡಿಸಬೇಕಾಯಿತು. ಗಣಕಯಂತ್ರ ಬಂದಾಗ ಅದೇ ಪ್ರಶ್ನೆ ಮತ್ತೆ ಎದುರಾಯಿತು: ಯಂತ್ರಕ್ಕೆ ಕೊಡಬೇಕಾದುದು ಅಕ್ಷರವನ್ನೋ, ಅಕ್ಷರದ ಚಿತ್ರವನ್ನೋ?

ಸರಿಯಾದ ಉತ್ತರ ಮೊದಲು ದೊರೆತುದು ಉತ್ತರ ಭಾರತದಲ್ಲಿ. 1980ರ ದಶಕದಲ್ಲಿ ಕಾನ್ಪುರದ ಐ.ಐ.ಟಿ.ಯಲ್ಲಿ ಆರಂಭವಾದ ‘ಜಿಸ್ಟ್’ ಎಂಬ ಕಾರ್ಯ, 1988ರಲ್ಲಿ ನಮ್ಮ ಈ ಪುಣೆಯಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆಗೆ ಬಂದು ಸೇರಿತು. ಬ್ರಾಹ್ಮಿಯಿಂದ ಹುಟ್ಟಿದ ಭಾರತೀಯ ಲಿಪಿಗಳ ವರ್ಣಮಾಲೆಯ ಕ್ರಮ ಬಹುಮಟ್ಟಿಗೆ ಒಂದೇ; ಆದುದರಿಂದ ಕ-ಕಾರಕ್ಕೆ ಎಲ್ಲ ಲಿಪಿಗಳಲ್ಲೂ ಒಂದೇ ಸಂಕೇತ, ಒಂದೇ ಕೀಲಿ ಸಾಕು ಎಂಬುದು ಇದರ ಹಿಂದಿನ ಚಿಂತನೆ. 1991ರಲ್ಲಿ ಭಾರತೀಯ ಮಾನಕವಾದ ‘ಇಸ್ಕಿ’ ಸಂಕೇತಪಟ್ಟಿಯೂ ‘ಇನ್‌ಸ್ಕ್ರಿಪ್ಟ್’ ಕೀಲಿಮಣೆಯೂ ಇದೇ ತತ್ತ್ವವನ್ನು ಅನುಸರಿಸಿದವು. ಇನ್‌ಸ್ಕ್ರಿಪ್ಟಿನಲ್ಲಿ ಎಡಗೈಗೆ ಸ್ವರಗಳು, ಬಲಗೈಗೆ ಬಹುತೇಕ ವ್ಯಂಜನಗಳು. ಇಲ್ಲಿ ಮರಾಠಿಯನ್ನು ಇನ್‌ಸ್ಕ್ರಿಪ್ಟಿನಲ್ಲಿ ಬೆರಳಚ್ಚಿಸಲು ಕಲಿತ ನಮ್ಮ ಮಕ್ಕಳು ಕನ್ನಡಕ್ಕೆ ಹೊಸದಾಗಿ ಬೆರಳು ಪಳಗಿಸಬೇಕಿಲ್ಲ. ಈ ಲಾಭವನ್ನು ನಾವು ಅಷ್ಟಾಗಿ ಬಳಸಿಕೊಂಡಿಲ್ಲವೆಂದೇ ನನ್ನ ಅಭಿಪ್ರಾಯ.

ಇನ್ನೊಂದು ದಾರಿಯನ್ನು ತೆರೆದವರು ಮಂಗಳೂರಿನ ಬಳಿಯ ಕಿನ್ನಿಕಂಬಳದವರಾದ ಕೆ.ಪಿ. ರಾಯರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿಯೂ, ಬಳಿಕ ಅಚ್ಚುಮೊಳೆಗೆ ಹೆಸರಾದ ಮೋನೋಟೈಪ್ ಸಂಸ್ಥೆಯಲ್ಲಿಯೂ ಇದ್ದ ಇವರು, ಸಾಮಾನ್ಯ ಇಂಗ್ಲಿಷ್ ಕೀಲಿಮಣೆಯಲ್ಲೇ ಉಚ್ಚಾರಣೆಗೆ ಹೊಂದುವಂತೆ ಕನ್ನಡವನ್ನು ಅಳವಡಿಸಿದರು. ಕೆ ಒತ್ತಿದರೆ ಕ, ಎನ್ ಒತ್ತಿದರೆ ನ, ಅರ್ಧಾಕ್ಷರಕ್ಕೆ ಎಫ್. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದೇ ಒತ್ತು. ತಮ್ಮ ತಂತ್ರಾಂಶಕ್ಕೆ ಅವರು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿನಲ್ಲಿ ‘ಸೇಡಿಯಾಪು’ ಎಂದು ಹೆಸರಿಟ್ಟು ಉಚಿತವಾಗಿ ಹಂಚಿದರು. ಯಂತ್ರಕ್ಕೆ ವೈಯಾಕರಣರ ಹೆಸರು! ಈ ವಿನ್ಯಾಸವನ್ನೇ ಮುಂದೆ ಕರ್ನಾಟಕ ಸರಕಾರ ಅಂಗೀಕರಿಸಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಅದನ್ನು ಕಚೇರಿ ಕಚೇರಿಗೂ ಕೊಂಡೊಯ್ದಿತು. ಅದಕ್ಕೂ ಮೊದಲೇ, 1998ರಲ್ಲಿ, ಶೇಷಾದ್ರಿವಾಸು ಚಂದ್ರಶೇಖರರ ‘ಬರಹ’ ಹೊರಬಂದು, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡವನ್ನು ಒತ್ತಿ ಬರೆಯುವ ಅಭ್ಯಾಸವನ್ನು ದೇಶವಿದೇಶಗಳ ಕನ್ನಡಿಗರಿಗೆ ಹಿಡಿಸಿತ್ತು. ಪುಣೆಯ ‘ಶ್ರೀಲಿಪಿ’, ಬೆಂಗಳೂರಿನ ‘ಆಕೃತಿ’ಗಳು ಮುದ್ರಣಾಲಯಗಳನ್ನು ಆಳಿದವು.

ಇವೆಲ್ಲ ಉಪಕಾರವನ್ನೇ ಮಾಡಿದವು. ಆದರೆ ಆ ಕಾಲದ ಕಡತಗಳಲ್ಲಿ ಒಂದು ಕುತ್ತೂ ಅಡಗಿತ್ತು. ಅಂದಿನ ಫಾಂಟುಗಳು ಯಂತ್ರದಲ್ಲಿ ಕನ್ನಡ ಅಕ್ಷರವನ್ನು ಇಡುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಕನ್ನಡದ ಚಿತ್ರವನ್ನು ಕೂರಿಸುತ್ತಿದ್ದವು. ನುಡಿ ಮತ್ತು ಬರಹಗಳ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದು, ಆ ಫಾಂಟನ್ನು ತೆಗೆದುಬಿಟ್ಟರೆ ಕಾಣುವುದೇನು? ಒಂದು ಪಿ, ಪಕ್ಕದಲ್ಲಿ ನೆತ್ತಿಯ ಮೇಲೆ ಗೀರು ಹೊತ್ತ ಎ, ಆಮೇಲೆ ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಎ, ಒತ್ತಿನ ಜಾಗದಲ್ಲಿ ಜರ್ಮನ್ ಭಾಷೆಯ ಒಂದು ಅಕ್ಷರ, ಒಂದು ಕ್ಯೂ, ಮತ್ತೊಮ್ಮೆ ಎ! ಶ್ರೀಲಿಪಿ, ಆಕೃತಿಗಳಲ್ಲಿ ಈ ಮನೆಗಳ ಹಂಚಿಕೆಯೇ ಬೇರೆ. ಇಂತಹ ಕಡತದಲ್ಲಿ ಹೆಸರನ್ನು ಹುಡುಕಲಾಗದು, ಅಕಾರಾದಿಯಾಗಿ ಜೋಡಿಸಲಾಗದು.

ಈ ಕುತ್ತಿಗೆ ಮದ್ದು ಯೂನಿಕೋಡ್. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಪಟ್ಟಿ ಎಂಬ ಈ ವ್ಯವಸ್ಥೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಸ್ಥಾನಗಳು ಮೀಸಲಾದವು. ಅದರ ಕನ್ನಡ ಭಾಗಕ್ಕೆ ಆಧಾರವಾದುದು ಇಸ್ಕಿಯ 1988ರ ರೂಪವೇ. ಆದರೆ ಪಟ್ಟಿಯಲ್ಲಿದ್ದರೆ ಸಾಲದು, ಪರದೆಯ ಮೇಲೆ ಒತ್ತಕ್ಷರ ಸರಿಯಾಗಿ ಮೂಡಬೇಕಲ್ಲ! 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಫಾಂಟಿನೊಡನೆ ಇದನ್ನು ಮನೆಗೆ ತಂದಿತು. 2003ರಲ್ಲಿ ಕನ್ನಡ ವಿಕಿಪೀಡಿಯ ತೊಡಗಿತು. 2017ರಲ್ಲಿ ಗೂಗಲ್ ಕಂಪನಿ ಆಡಿದ ಕನ್ನಡವನ್ನು ಬರೆದುಕೊಳ್ಳುವ ಸೌಲಭ್ಯವನ್ನು ಒದಗಿಸಿತು. ಕೀಲಿಮಣೆ ಬೇಡವೆನ್ನುವ ಹಿರಿಯರಿಗೆ ಇದು ದೊಡ್ಡ ವರ. 2019ರಲ್ಲಿ ವಿಂಡೋಸ್ 10ಕ್ಕೆ ಉಚ್ಚಾರಣೆಯನ್ನು ಅನುಸರಿಸುವ ಕನ್ನಡ ಕೀಲಿಮಣೆ ಬಂತು. ಭಾಷೆಯ ಸೆಟ್ಟಿಂಗಿನಲ್ಲಿ ಕನ್ನಡವನ್ನು ಸೇರಿಸಿಕೊಂಡು, ಅದರ ಆಯ್ಕೆಗಳಲ್ಲಿ ಈ ಕೀಲಿಮಣೆಯನ್ನೂ ಸೇರಿಸಿಕೊಳ್ಳಬೇಕು.

ಇನ್ನು ಕಪಾಟಿನ ಮಾತು. ಯೂನಿಕೋಡಿಗೆ ಮುಂಚಿನ ವರ್ಷಗಳಲ್ಲಿ ಸಂಘಗಳು ಹೊರತಂದ ಸ್ಮರಣ ಸಂಚಿಕೆಗಳು, ಸದಸ್ಯರ ಪಟ್ಟಿಗಳು, ವಾರ್ಷಿಕ ವರದಿಗಳು ಹಲವೆಡೆ ಹಳೆಯ ಫಾಂಟಿನ ಪೇಜ್‌ಮೇಕರ್ ಕಡತಗಳಾಗಿ ಬಿದ್ದಿವೆ. 2001ರ ಏಳನೆಯ ಆವೃತ್ತಿಯ ಬಳಿಕ ಪೇಜ್‌ಮೇಕರಿಗೆ ಹೊಸ ಆವೃತ್ತಿ ಬರಲಿಲ್ಲ. ಯಾರು ಯಾವಾಗ ಈ ಊರಿಗೆ ಬಂದರು, ಯಾರು ನಾಟಕವಾಡಿದರು ಎಂಬುದು ಆ ಪುಟಗಳಲ್ಲಲ್ಲದೆ ಬೇರೆಲ್ಲಿದೆ? ಯಾವ ಫಾಂಟಿನಲ್ಲಿ ಜೋಡಿಸಿದ್ದೆಂದು ಬಲ್ಲವರು ಇರುವಾಗಲೇ ಈ ಕೆಲಸಕ್ಕೆ ಕೈಹಚ್ಚಬೇಕು.

ಕ್ರಮ ಕಷ್ಟದ್ದಲ್ಲ. ಮೂಲ ಕಡತದ ಒಂದು ಪ್ರತಿಯನ್ನು ಮುಟ್ಟದೆ ಬೇರೆ ಇಡತಕ್ಕದ್ದು. ಉಚಿತವಾಗಿ ದೊರೆಯುವ ಲಿಬ್ರೆ ಆಫೀಸ್ ತಂತ್ರಾಂಶ ಹಳೆಯ ಪೇಜ್‌ಮೇಕರ್ ಕಡತಗಳನ್ನು ತಕ್ಕಮಟ್ಟಿಗೆ ತೆರೆಯುತ್ತದೆ. ಪಠ್ಯವನ್ನು ಆರಿಸಿದರೆ ಫಾಂಟಿನ ಹೆಸರು ತಿಳಿಯುವುದು. ಅದಕ್ಕೆ ಸರಿಯಾದ ಪರಿವರ್ತಕವನ್ನೇ ಬಳಸಬೇಕು. ನುಡಿ, ಬರಹಗಳ ಫಾಂಟಿಗೆ ಆ ತಂತ್ರಾಂಶಗಳ ಈಚಿನ ಆವೃತ್ತಿಗಳಲ್ಲೇ ಪರಿವರ್ತಕವುಂಟು. ಕಾಗದದ ಪ್ರತಿ ಮಾತ್ರ ಉಳಿದಿದ್ದರೆ ಸ್ಪಷ್ಟವಾಗಿ ಚಿತ್ರ ತೆಗೆದು ಗೂಗಲ್ ಡ್ರೈವ್‌ಗೆ ಏರಿಸಿ, ಡಾಕ್ಸ್‌ನಲ್ಲಿ ತೆರೆದರೆ ಅಕ್ಷರಗಳನ್ನು ಅದು ಗುರುತಿಸಿಕೊಡುತ್ತದೆ. ಮಸುಕಾದ ಅಚ್ಚಿನಲ್ಲಿ ಎಡವುವುದೂ ಉಂಟು.

ಬಳಿಕ ಮನುಷ್ಯರ ಕಣ್ಣೇ ಬೇಕು. ನಡುವೆ ಬಂದ ಇಂಗ್ಲಿಷ್ ಪದಗಳನ್ನೂ ಪರಿವರ್ತಕವು ಕನ್ನಡವೆಂದೇ ಬಗೆದು ವಿಚಿತ್ರ ಅಕ್ಷರಗಳನ್ನು ಸುರಿಯಬಹುದು. ವ್ಯಕ್ತಿನಾಮಗಳನ್ನಂತೂ ಒಂದೊಂದಾಗಿ ನೋಡಬೇಕು: ‘ರಾಜ್‌ಕುಮಾರ್’ ಎಂದಿದ್ದುದು ‘ರಾಜ್ಕುಮಾರ್’ ಆಗಿಬಿಡುವುದುಂಟು. ಅರ್ಧಾಕ್ಷರವನ್ನು ಮುಂದಿನ ಅಕ್ಷರದಿಂದ ಬೇರೆ ಇಡುವ ಕಣ್ಣಿಗೆ ಕಾಣದ ಚಿಹ್ನೆಯೊಂದು ಅಲ್ಲಿ ಇಲ್ಲದಿರುವುದೇ ಇದಕ್ಕೆ ಕಾರಣ. ಬರಹದಲ್ಲಿ, ಆರರ ಅಂಕೆಯ ಮೇಲಿರುವ ಟೋಪಿಯಂತಹ ಗುರುತನ್ನು ಅರ್ಧಾಕ್ಷರದ ಬಳಿಕ ಎರಡು ಸಲ ಒತ್ತಿದರೆ ಆ ಚಿಹ್ನೆ ಸೇರಿ, ಹೆಸರು ಮೊದಲಿನಂತಾಗುತ್ತದೆ.