ಜೋಡಿ ಆಟದಿಂದ ವೀಕ್ಷಕ ವಿವರಣೆಗೆ

ಟೆನಿಸ್ ಅಂಗಣದಲ್ಲಿ ಇಬ್ಬರಿಗೆ ಇಬ್ಬರು ಎದುರಾಗಿ ಆಡುವುದನ್ನು ಜೋಡಿ ಆಟವೆನ್ನುತ್ತಾರೆ. ಅಲ್ಲಿ ಒಬ್ಬನ ಬಲಕ್ಕಿಂತ ಇಬ್ಬರ ಹೊಂದಿಕೆ ದೊಡ್ಡದು. ನಡುವೆ ಬಂದ ಚೆಂಡಿಗೆ ಇಬ್ಬರೂ ಕೈಚಾಚಿದರೆ ರ‍್ಯಾಕೆಟ್ಟುಗಳು ತಾಗುತ್ತವೆ. ಇಬ್ಬರೂ ಬಿಟ್ಟರೆ ಅಂಕ ಎದುರಾಳಿಗಳ ಪಾಲಾಗುತ್ತದೆ. ಯಾವುದು ತನ್ನದು, ಯಾವುದು ಜೊತೆಗಾರನದು ಎಂಬ ವಿವೇಕವೇ ಆ ಆಟದ ಜೀವಾಳ. ಈ ವಿವೇಕವು ಮಾತಿನ ಕಲೆಗೂ ಒದಗಬಲ್ಲುದೆಂಬುದಕ್ಕೆ ಮದರಾಸಿನ ವಿಜಯ್ ಅಮೃತರಾಜರ ಜೀವನ ಒಳ್ಳೆಯ ನಿದರ್ಶನ.

ವಿಜಯರು ಜನಿಸಿದ್ದು 1953ರ ಡಿಸೆಂಬರ್ 14ರಂದು. ಬಾಲ್ಯದಲ್ಲಿ ಶ್ವಾಸಕೋಶದ ಕಾಯಿಲೆ ಅವರನ್ನು ಬಹಳವಾಗಿ ಬಾಧಿಸಿತು. ಮಗನು ಶಾಲೆಗೆ ಹೋಗಲಾರದ ದಿನಗಳಲ್ಲಿ ತಾಯಿ ಮ್ಯಾಗಿಯವರು ತಾವೇ ತರಗತಿಗೆ ಹೋಗಿ, ಪಾಠವನ್ನು ಬರೆದುಕೊಂಡು ಬರುತ್ತಿದ್ದರು. ತಾನು ಕಂಡು ಕೇಳಿದುದನ್ನು, ಅಲ್ಲಿ ಇಲ್ಲದವನಿಗೆ ತಂದು ಮುಟ್ಟಿಸುವ ಕೆಲಸವದು. ಆ ಮಗನು ಬೆಳೆದು ಅದೇ ಕೆಲಸವನ್ನು ಲೋಕಕ್ಕೆ ಮಾಡಿದನೆಂಬುದು ಗಮನಾರ್ಹ.

1973ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಅವರು ವಿಂಬಲ್ಡನ್ನಿನ ಕ್ವಾರ್ಟರ್ ಫೈನಲ್ ಮುಟ್ಟಿದರು. ಅದೇ ವರ್ಷ ಅಮೆರಿಕದ ಪಂದ್ಯಾವಳಿಯಲ್ಲಿ ರಾಡ್ ಲೇವರರನ್ನೂ ಮರುವರ್ಷ ಅಲ್ಲಿಯೇ ಬ್ಯೋರ್ನ್ ಬೋರ್ಗರನ್ನೂ ಸೋಲಿಸಿದರು. ಆದರೆ ಸಹನೆಯ ನಿಜವಾದ ಪರೀಕ್ಷೆ ನಡೆದುದು 1974ರ ಮೇ ತಿಂಗಳಲ್ಲಿ, ಕಲ್ಕತ್ತದಲ್ಲಿ. ಡೇವಿಸ್ ಕಪ್ ಪಂದ್ಯದಲ್ಲಿ ಅವರೂ ಅಣ್ಣ ಆನಂದರೂ ಆಸ್ಟ್ರೇಲಿಯದ ಅಲೆಕ್ಸಾಂಡರ್–ಡಿಬ್ಲಿ ಜೋಡಿಯನ್ನು 17–15, 6–8, 6–3, 16–18, 6–4ರಿಂದ ಗೆದ್ದರು. ಕೂಡಿಸಿ ನೋಡಿದರೆ ಒಟ್ಟು 99 ಗೇಮುಗಳು! ಡೇವಿಸ್ ಕಪ್ಪಿನಲ್ಲಿ ಆಗ ಟೈಬ್ರೇಕ್ ಪದ್ಧತಿ ಇರಲಿಲ್ಲವಾದ್ದರಿಂದ, ಎರಡು ಗೇಮುಗಳ ಅಂತರ ದೊರೆಯುವವರೆಗೆ ಸೆಟ್ಟು ಬೆಳೆಯುತ್ತಲೇ ಇತ್ತು.

ಆ ವರ್ಷ ಭಾರತ ಫೈನಲ್ಲಿಗೇರಿತು. ಎದುರಾಳಿ ದಕ್ಷಿಣ ಆಫ್ರಿಕ. ಅಲ್ಲಿನ ವರ್ಣಭೇದ ನೀತಿಯನ್ನು ಪ್ರತಿಭಟಿಸಿ ಭಾರತವು ಆಡಲು ನಿರಾಕರಿಸಿತು. ಕಪ್ಪು ಅವರಿಗೆ ಆಟವಿಲ್ಲದೆಯೇ ಸಂದಿತು. 99 ಗೇಮುಗಳ ಶ್ರಮದ ಫಲವನ್ನು ಆಟಗಾರರು ಹೀಗೆ ಬಿಟ್ಟುಕೊಡಬೇಕಾಯಿತು. ಆದರೂ ಚರಿತ್ರೆಯಲ್ಲಿ ಆ ಆಡದ ಪಂದ್ಯಕ್ಕೆ, ಗೆದ್ದ ಎಷ್ಟೋ ಪಂದ್ಯಗಳಿಗಿಂತ ಹೆಚ್ಚಿನ ಗೌರವವಿದೆ. 1976ರಲ್ಲಿ ಸೋದರರು ವಿಂಬಲ್ಡನ್ ಜೋಡಿ ಆಟದ ಸೆಮಿಫೈನಲ್ ತಲುಪಿದರು. 1987ರಲ್ಲಿ ವಿಜಯರ ನಾಯಕತ್ವದಲ್ಲಿ ಭಾರತ ಮತ್ತೆ ಡೇವಿಸ್ ಕಪ್ ಫೈನಲ್ ಸೇರಿ, ಸ್ವೀಡನ್ನಿಗೆ ಸೋತಿತು.

ಆಟವನ್ನು ಬಿಟ್ಟ ಬಳಿಕ ಅವರು ದೂರದರ್ಶನ ವಾಹಿನಿಗಳಲ್ಲಿ ವೀಕ್ಷಕ ವಿವರಣೆಗೆ ತೊಡಗಿದರು. ಸ್ಟಾರ್ ಸ್ಪೋರ್ಟ್ಸ್ ವಾಹಿನಿಯಲ್ಲಿ ಅವರಿಗೆ ಜೊತೆಯಾದವರು ವೇಲ್ಸಿನ ಮಾಜಿ ಕ್ರಿಕೆಟ್ ಆಟಗಾರ ಅಲನ್ ವಿಲ್ಕಿನ್ಸ್. ಇದೂ ಒಂದು ಜೋಡಿ ಆಟವೇ ಸರಿ! ಒಬ್ಬನು ಮಾತು ಎತ್ತಬೇಕು, ಇನ್ನೊಬ್ಬನು ಅದನ್ನು ಬೆಳೆಸಬೇಕು. ಬಾನುಲಿಯ ವಿವರಣೆಗಾರನು ಚೆಂಡು ಎಲ್ಲಿ ಬಿತ್ತೆಂದು ಹೇಳಲೇಬೇಕು. ಕೇಳುಗನಿಗೆ ಅವನೇ ಕಣ್ಣು. ದೂರದರ್ಶನದಲ್ಲಾದರೋ ಚೆಂಡು ಎಲ್ಲರಿಗೂ ಕಾಣುತ್ತದೆ. ಆದುದರಿಂದ ಚೆಂಡು ಓಡಾಡುವಾಗ ಮೌನವಾಗಿದ್ದು, ಅಂಕ ಮುಗಿದ ಮೇಲೆ ಅದು ಏಕೆ ಹಾಗಾಯಿತೆಂದು ತಿಳಿಸುವುದೇ ಕ್ರಮ. ಜೊತೆಗಾರನಿಗೆ ಚೆಂಡನ್ನು ಬಿಟ್ಟುಕೊಡಬಲ್ಲವನಿಗೆ ಈ ಮೌನ ಕಷ್ಟವಲ್ಲ. 2024ರಲ್ಲಿ ಅಂತರರಾಷ್ಟ್ರೀಯ ಟೆನಿಸ್ ಕೀರ್ತಿಭವನವು ಅವರನ್ನು ಸೇರಿಸಿಕೊಂಡಿತು. ಅದು ಆಟಗಾರನೆಂದಲ್ಲ, ಆಟಕ್ಕೆ ಸಲ್ಲಿಸಿದ ಸೇವೆಗಾಗಿ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಕೊಯಮತ್ತೂರು, ತಿರುಪ್ಪೂರು ಸೀಮೆಗಳಲ್ಲಿ ದೇವಾಂಗರ, ಒಕ್ಕಲಿಗರ ಎಷ್ಟೋ ಮನೆಗಳಲ್ಲಿ ಕನ್ನಡವು ಇಂದಿಗೂ ಮನೆಮಾತು. ಆದರೆ ಬಯಲಿನ ಆಟವನ್ನು ಹೇಳಹೊರಟಾಗ ನಮ್ಮ ಮಕ್ಕಳ ಬಾಯಿಗೆ ಮೊದಲು ಬರುವುದು ಬೇರೆ ನುಡಿ. ಮನೆಯೊಳಗೆ ಮಾತ್ರ ಉಳಿದ ನುಡಿ ದಿನೇ ದಿನೇ ಕೃಶವಾಗುತ್ತದೆ. ಉಪಾಧ್ಯಾಯರು ಒಂದು ಸಂಜೆ ಈ ಅಭ್ಯಾಸವನ್ನು ಮಾಡಿಸಿ ನೋಡಲಿ: ಕಬಡ್ಡಿಯೋ ಚೆಂಡಾಟವೋ ನಡೆಯುತ್ತಿರಲಿ, ಒಬ್ಬ ಹುಡುಗ ಅಂಗಣಕ್ಕೆ ಬೆನ್ನುಮಾಡಿ ಕುಳಿತಿರಲಿ, ಇನ್ನೊಬ್ಬನು ಆಟವನ್ನೆಲ್ಲ ಅವನಿಗೆ ಕನ್ನಡದಲ್ಲಿ ಹೇಳಲಿ. ಆಟ ಮುಗಿದ ಮೇಲೆ, ಬೆನ್ನುಮಾಡಿ ಕುಳಿತವನು ಎದ್ದು ನಡೆದುದನ್ನು ಸರಿಯಾಗಿ ವಿವರಿಸಿದರೆ, ಹೇಳಿದವನು ಗೆದ್ದನೆಂದು ತಿಳಿಯಬಹುದು.