ರಕೊಟ್ ಕಾಪೊಸ್ತ: ಹುಳಿಕೋಸು, ಸಾಸೇಜುಗಳ ಪದರದಡುಗೆ

ಹಂಗೇರಿ ಮತ್ತು ಟ್ರಾನ್ಸಿಲ್ವೇನಿಯ ಪ್ರದೇಶದ ಚಳಿಗಾಲದ ಮನೆಯಡುಗೆ. ಉಪ್ಪಿನಲ್ಲಿ ಹುಳಿ ಬರಿಸಿದ ಎಲೆಕೋಸು, ಹಂದಿಮಾಂಸದ ಖೀಮಾ, ಹೊಗೆ ಹಾಕಿದ ಸಾಸೇಜು, ಅಕ್ಕಿ, ಹುಳಿಕೆನೆ ಇವನ್ನು ಆಳವಾದ ಪಾತ್ರೆಯಲ್ಲಿ ಒಂದರ ಮೇಲೊಂದು ಹಾಸಿ ಓವನ್‌ನಲ್ಲಿಟ್ಟು ಬೇಯಿಸುತ್ತಾರೆ. ಹಂಗೇರಿಯನ್ ಭಾಷೆಯಲ್ಲಿ ರಕೊಟ್ ಎಂದರೆ ಜೋಡಿಸಿಟ್ಟದ್ದು. ಕಾಪೊಸ್ತ ಎಂದರೆ ಎಲೆಕೋಸು, ಸ್ಲಾವ್ ಭಾಷೆಗಳ ಕಪುಸ್ತದಿಂದ ಬಂದ ಮಾತು. ಕೊಲೊಜ್ವಾರಿ ಕಾಪೊಸ್ತ, ಅಂದರೆ ಟ್ರಾನ್ಸಿಲ್ವೇನಿಯದ ಕೊಲೊಜ್ವಾರ್ ಊರಿನ ಕೋಸು, ಎಂಬ ಹೆಸರೂ ಇದಕ್ಕಿದೆ. ಜರ್ಮನರ ಸಾವರ್‌ಕ್ರೌಟ್ ಔಫ್‌ಲೌಫ್, ಅಮೆರಿಕದ ಸಾಸೇಜು-ಸಾವರ್‌ಕ್ರೌಟ್ ಕ್ಯಾಸರೋಲ್ ಇದರ ದಾಯಾದಿಗಳು.

ಇದು ಉಗ್ರಾಣದಲ್ಲಿ ಹುಟ್ಟಿದ ಅಡುಗೆ. ಹೊಲದಲ್ಲಿ ಏನೂ ಬೆಳೆಯದ ತಿಂಗಳುಗಳಿಗೆಂದು ಕೂಡಿಟ್ಟ ಎರಡು ಪದಾರ್ಥಗಳು, ಪೀಪಾಯಿಯ ಕೋಸು ಮತ್ತು ಅಟ್ಟದ ಸಾಸೇಜು, ಒಂದೇ ಪಾತ್ರೆಗೆ ಇಳಿದದ್ದೇ ಇದರ ಚರಿತ್ರೆ.

ಹುಳಿಕೋಸು

ಕೋಸನ್ನು ಎಳೆಎಳೆಯಾಗಿ ಹೆಚ್ಚಿ, 10 ಕಿಲೋಗೆ 200ರಿಂದ 250 ಗ್ರಾಂ ಉಪ್ಪು ಬೆರೆಸಿ, ನೀರು ಬಿಡುವವರೆಗೆ ಹಿಸುಕಿ, ಪೀಪಾಯಿಗೋ ಭರಣಿಗೋ ಒತ್ತಿ ತುಂಬುತ್ತಾರೆ. ಹಿಂದೆ ದೊಡ್ಡ ಪೀಪಾಯಿಗಳಿಗೆ ಇಳಿದು ಕಾಲಿನಲ್ಲಿ ತುಳಿಯುವುದೂ ಇತ್ತು. ಮೇಲೆ ಮರದ ಹಲಗೆ, ಅದರ ಮೇಲೆ ಕಲ್ಲು. ಕರಾವಳಿ, ಮಲೆನಾಡಿನಲ್ಲಿ ಹಲಸಿನ ಉಪ್ಪುಸೊಳೆ ಹಾಕುವವರಿಗೆ ಕಲ್ಲು ಯಾಕೆಂದು ಹೇಳಬೇಕಿಲ್ಲ: ಉಪ್ಪುನೀರಿನಿಂದ ಮೇಲೆದ್ದ ಚೂರಿಗೆ ಗಾಳಿ ತಾಗಿದರೆ ಬೂಸ್ಟು ಹಿಡಿಯುತ್ತದೆ. ಮೊದಲ ಕೆಲವು ದಿನ ಗುಳ್ಳೆ ಏಳುತ್ತದೆ. ಆ ಹಂತದಲ್ಲಿ ಕೆಲಸ ಮಾಡುವ ಲ್ಯೂಕೊನಾಸ್ಟಾಕ್ ಮೆಸೆಂಟೆರಾಯ್ಡಿಸ್ ಎಂಬ ಬ್ಯಾಕ್ಟೀರಿಯವೇ ನಮ್ಮ ಇಡ್ಲಿ ಹಿಟ್ಟನ್ನೂ ಉಬ್ಬಿಸುವುದು. ಹುಳಿ ಏರಿದಂತೆ ಅದು ಹಿಂದೆ ಸರಿದು ಲ್ಯಾಕ್ಟೊಬ್ಯಾಸಿಲಸ್ ಗುಂಪಿನವು ಮುಂದುವರಿಸುತ್ತವೆ. ತಂಪು ಕೋಣೆಯಲ್ಲಿ ಮೂರರಿಂದ ಆರು ವಾರಕ್ಕೆ ಕೋಸು ಹದಕ್ಕೆ ಬರುತ್ತದೆ.

ಚೀನಾದ ಮಹಾಗೋಡೆ ಕಟ್ಟಿದ ಕೂಲಿಗಳು ಹುಳಿಕೋಸು ತಿನ್ನುತ್ತಿದ್ದರು, ಚೆಂಗಿಸ್ ಖಾನನ ದಂಡು ಅದನ್ನು ಯೂರೋಪಿಗೆ ತಂದಿತು ಎಂಬ ಕಥೆ ಬಹಳ ಪುಸ್ತಕಗಳಲ್ಲಿ ಸಿಗುತ್ತದೆ. ಅದಕ್ಕೆ ಆಧಾರವಿಲ್ಲ. ಚೀನಾದಲ್ಲಿ ಸುವಾನ್ ತ್ಸಾಯ್ ಎಂಬ ಹುಳಿಕೋಸು ಇರುವುದು ನಿಜ. ಆದರೆ ಸೊಪ್ಪು ತರಕಾರಿಯನ್ನು ಉಪ್ಪಿನಲ್ಲಿಡುವುದು ರೋಮನ್ನರಿಗೂ ಗೊತ್ತಿತ್ತು. ಕೋಸೂ ಉಪ್ಪೂ ಚಳಿಯೂ ಇದ್ದ ಕಡೆಯಲ್ಲೆಲ್ಲ ಜನರಿಗೆ ತಾವಾಗಿಯೇ ಹೊಳೆಯಬಹುದಾದ ಉಪಾಯ ಇದು. ದಂಡೆತ್ತಿ ಬಂದು ಕಲಿಸಬೇಕಾದದ್ದಲ್ಲ.

ರೈತರ ಊಟಕ್ಕೆ ವಿದ್ವಾಂಸರ ಕಣ್ಣು ಬಿದ್ದದ್ದು ಹಡಗುಗಳಿಂದಾಗಿ. ತಿಂಗಳುಗಟ್ಟಲೆ ತಾಜಾ ತರಕಾರಿ ಕಾಣದ ನಾವಿಕರು ಒಸಡು ಊದಿ, ಹಲ್ಲು ಉದುರಿ, ಸ್ಕರ್ವಿಯಿಂದ ಸಾಯುತ್ತಿದ್ದರು. ಸ್ಕಾಟಿಷ್ ವೈದ್ಯ ಜೇಮ್ಸ್ ಲಿಂಡ್ 1747ರಲ್ಲಿ 12 ಮಂದಿ ರೋಗಿಗಳ ಮೇಲೆ ಪ್ರಯೋಗ ಮಾಡಿ ಕಿತ್ತಳೆ, ನಿಂಬೆಗಳ ಗುಣ ತೋರಿಸಿದ. ಹಣ್ಣು ಹಡಗಿನಲ್ಲಿ ಕೆಡುತ್ತದೆ, ಹುಳಿಕೋಸು ಕೆಡುವುದಿಲ್ಲ. 1768ರಲ್ಲಿ ಎಂಡೆವರ್ ಹಡಗು ಹತ್ತಿದ ಬ್ರಿಟಿಷ್ ನೌಕಾನಾಯಕ ಜೇಮ್ಸ್ ಕುಕ್ ಸುಮಾರು ಮೂರೂವರೆ ಟನ್ ಹುಳಿಕೋಸು ತುಂಬಿಕೊಂಡ. ನಾವಿಕರು ಮೂಸಿ ಬದಿಗಿಟ್ಟರು. ಕುಕ್ ಒತ್ತಾಯ ಮಾಡಲಿಲ್ಲ. ಅಧಿಕಾರಿಗಳ ಮೇಜಿಗೆ ದಿನಾಲೂ ಬಡಿಸಲು ಹೇಳಿ, ಉಳಿದವರು ಬೇಕಾದರೆ ತಿನ್ನಲಿ ಎಂದು ಬಿಟ್ಟ. ಒಂದು ವಾರ ಕಳೆಯುವುದರೊಳಗೆ ತಲೆಗಿಷ್ಟು ಎಂದು ಅಳೆದು ಕೊಡಬೇಕಾಯಿತು. ದೊಡ್ಡವರು ತಿಂದದ್ದೇ ರುಚಿ ಎಂಬುದನ್ನು ಅವನು ಚೆನ್ನಾಗಿ ಅರಿತಿದ್ದ.

ಸ್ಕರ್ವಿ ತಡೆಯುವ ಗುಣಕ್ಕೆ ಕಾರಣವಾದ ವಿಟಮಿನ್ ಸಿ ಏನೆಂಬುದನ್ನು ಖಚಿತಪಡಿಸಿದವರಲ್ಲಿ ಪ್ರಮುಖ, ಹಂಗೇರಿಯ ಸೆಗೆಡ್ ವಿಶ್ವವಿದ್ಯಾಲಯದ ಆಲ್ಬರ್ಟ್ ಸೆಂಟ್-ಗ್ಯೋರ್ಗಿ. ಅವನು ಅದನ್ನು ರಾಶಿಗಟ್ಟಲೆ ತೆಗೆದದ್ದು ಸೆಗೆಡ್‌ನ ಪಾಪ್ರಿಕಾ ಮೆಣಸಿನಕಾಯಿಯಿಂದ. 1937ರಲ್ಲಿ ನೊಬೆಲ್ ಬಂತು. ಪಾಪ್ರಿಕಾ, ಹುಳಿಕೋಸು ಎರಡೂ ಈ ಅಡುಗೆಯಲ್ಲಿವೆ. ಆದರೆ ಒಂದು ಗಂಟೆ ಓವನ್‌ನಲ್ಲಿ ಬೆಂದ ಮೇಲೆ ಆ ವಿಟಮಿನ್ ಬಹಳ ಉಳಿಯುತ್ತದೆಂದು ನಂಬಬೇಕಾಗಿಲ್ಲ.

ಕೊಲೊಜ್ವಾರ್, 1695

ಈ ಕೋಸಿನ ಅಡುಗೆಯ ಹೆಸರು ಅಚ್ಚಿನಲ್ಲಿ ಕಾಣಿಸಿಕೊಳ್ಳುವುದು 1695ರಲ್ಲಿ ಕೊಲೊಜ್ವಾರ್‌ನಲ್ಲಿ ಮುದ್ರಣವಾದ ಒಂದು ಪುಟ್ಟ ಪಾಕಪುಸ್ತಕದಲ್ಲಿ. ಹಂಗೇರಿಯನ್ ಭಾಷೆಯಲ್ಲಿ ಅಚ್ಚಾದ ಮೊದಮೊದಲ ಅಡುಗೆ ಪುಸ್ತಕಗಳಲ್ಲಿ ಅದೊಂದು. ಮುದ್ರಿಸಿದವನು ತೋತ್‌ಫಲುಶಿ ಕಿಶ್ ಮಿಕ್ಲೋಶ್, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಿನ ಮೊಳೆ ಕೊರೆದು ಹೆಸರು ಮಾಡಿ ಊರಿಗೆ ಮರಳಿದ್ದ ಕುಶಲಿ. ಜಾನ್ಸನ್ ಎಂಬ ಹೆಸರಿನಲ್ಲಿ ಜಗತ್ತು ಬಳಸುತ್ತಿದ್ದ ಚೆಲುವಾದ ಅಕ್ಷರಗಳು ಇವನ ಕೈಕೆಲಸವೆಂದು 20ನೇ ಶತಮಾನದಲ್ಲಷ್ಟೇ ಗೊತ್ತಾಯಿತು. ಅಂದಿನ ಅಡುಗೆಗೂ ಇಂದಿನದಕ್ಕೂ ವ್ಯತ್ಯಾಸ ದೊಡ್ಡದು. ಈಗ ಬಣ್ಣ ಕೊಡುವ ಪಾಪ್ರಿಕಾ ಪುಡಿ ಹಂಗೇರಿಯ ಒಲೆಯ ಬಳಿ ನೆಲೆಯೂರಿದ್ದೇ 18–19ನೇ ಶತಮಾನಗಳಲ್ಲಿ.

ಹಂದಿ ಕಡಿಯುವ ಹಬ್ಬ

ಹಳ್ಳಿಯ ಮನೆಗಳಲ್ಲಿ ಚಳಿ ಕಚ್ಚಿದ ಮೇಲೆ ಹಂದಿ ಕಡಿಯುತ್ತಾರೆ. ನೆಂಟರು, ನೆರೆಯವರು ಸೇರುವ ಆ ದಿನಕ್ಕೆ ದಿಸ್ನೋವಾಗಾಶ್ ಎಂದು ಹೆಸರು. ಕರುಳನ್ನು ತೊಳೆದು, ಕೊಚ್ಚಿದ ಮಾಂಸ, ಬೆಳ್ಳುಳ್ಳಿ, ಪಾಪ್ರಿಕಾ ತುಂಬಿ ಕೊಲ್ಬಾಸ್ ಎಂಬ ಸಾಸೇಜು ಮಾಡಿ ಹೊಗೆಗೆ ತೂಗುಹಾಕುತ್ತಾರೆ. ಅದೇ ಹೊತ್ತಿಗೆ ಶರತ್ಕಾಲದಲ್ಲಿ ತುಂಬಿದ ಕೋಸು ಹುಳಿ ಬಂದು ಕಾದಿರುತ್ತದೆ. ಜಿಡ್ಡಿಗೆ ಹುಳಿ ಹೊಂದುತ್ತದೆ ಎಂಬುದಕ್ಕೆ ಬೇರೆ ಸಿದ್ಧಾಂತ ಬೇಡ, ಪಂಚಾಂಗ ಸಾಕು. ಬುಡಾಪೆಸ್ಟ್ ಪಕ್ಕದ ವೆಚೇಶ್ ಊರು ಇಂದಿಗೂ ಹುಳಿಕೋಸಿಗೆ ಹೆಸರುವಾಸಿ. 18ನೇ ಶತಮಾನದ ಕೊನೆಯಲ್ಲಿ ಅಲ್ಲಿ ನೆಲೆಸಿದ ಜರ್ಮನ್ ಒಕ್ಕಲುಗಳ ಕಸುಬು ಅದು.

ಒಲೆ ಮನೆಯೊಳಗೆ ಬಂದದ್ದು

ಮೊದಲು ಇಂಥ ಪಾತ್ರೆಗಳು ಬೇಯುತ್ತಿದ್ದದ್ದು ಕೆಮೆನ್ಸೆ ಎಂಬ ಗೂಡೊಲೆಯಲ್ಲಿ, ಬ್ರೆಡ್ ಸುಟ್ಟಾದ ಮೇಲೆ ಉಳಿದ ಕಾವಿನಲ್ಲಿ. 19ನೇ ಶತಮಾನದಲ್ಲಿ ಶ್ಪಾರ್‌ಹೆಲ್ಟ್ ಬಂತು: ಮೇಲೆ ತಟ್ಟೆ, ಹೊಟ್ಟೆಯಲ್ಲಿ ಬೇಯಿಸುವ ಗೂಡು ಇರುವ, ಸೌದೆ ಉಳಿಸುವ ಒಲೆ. ಹೆಸರು ಜರ್ಮನ್, ಅರ್ಥವೇ ಉಳಿತಾಯದ ಒಲೆ ಎಂದು. ಬ್ರೆಡ್ ಸುಡುವ ದಿನಕ್ಕೆ ಕಾಯದೆ, ನಾಲ್ಕೈದು ಜನರ ಮನೆಯಲ್ಲೂ ಯಾವ ದಿನವಾದರೂ ಮಾಡಬಹುದಾದ ಅಡುಗೆಯಾಗಿ ಇದು ಬದಲಾಯಿತು. ಅಮೆರಿಕದಲ್ಲಿ ಇದೇ ಕೆಲಸ ಮಾಡಿದ್ದು 1915ರಲ್ಲಿ ಮಾರುಕಟ್ಟೆಗೆ ಬಂದ ಪೈರೆಕ್ಸ್ ಗಾಜಿನ ಪಾತ್ರೆ. ಆದರೆ ಮೂರು ವರ್ಷದೊಳಗೆ, ಮೊದಲ ಮಹಾಯುದ್ಧದ ಜರ್ಮನ್ ದ್ವೇಷದಲ್ಲಿ, ಅಲ್ಲಿ ಸಾವರ್‌ಕ್ರೌಟ್‌ಗೆ ಲಿಬರ್ಟಿ ಕ್ಯಾಬೇಜ್ ಎಂದು ನಾಮಕರಣವಾಯಿತು. ಹೆಸರು ಉಳಿಯಲಿಲ್ಲ, ಕೋಸು ಉಳಿಯಿತು.

ಮಾಡುವ ಕ್ರಮ

ಇಂದಿನ ಮನೆಗಳ ಅಳತೆ ಹೆಚ್ಚುಕಡಿಮೆ ಹೀಗೆ: 1 ಕಿಲೋ ಹುಳಿಕೋಸು, ಅರ್ಧ ಕಿಲೋ ಖೀಮಾ, 200 ಗ್ರಾಂ ಸಾಸೇಜು, 150 ಗ್ರಾಂ ಅಕ್ಕಿ, 400 ಗ್ರಾಂ ಹುಳಿಕೆನೆ. ಹಂದಿಕೊಬ್ಬಿನಲ್ಲಿ ಈರುಳ್ಳಿ ಬಾಡಿಸಿ, ಪಾತ್ರೆಯನ್ನು ಒಲೆಯಿಂದ ಇಳಿಸಿ ಪಾಪ್ರಿಕಾ ಹಾಕಬೇಕು. ಉರಿಯ ಮೇಲೆ ಹಾಕಿದರೆ ಸೀದು ಕಹಿಯಾಗುತ್ತದೆ. ಖೀಮಾ ಅದರಲ್ಲಿ ಬೇಯುತ್ತದೆ. ಅಕ್ಕಿಯನ್ನು ಬೇರೆಯಾಗಿಯೇ ಮುಕ್ಕಾಲು ಬೇಯಿಸಿಕೊಳ್ಳುತ್ತಾರೆ. ಹುಣಸೆಹುಳಿ ಬಿದ್ದ ಮೇಲೆ ಬೇಳೆ ಬೇಯದೆ ಸತಾಯಿಸುವುದನ್ನು ಕಂಡವರಿಗೆ ಕಾರಣ ಹೊಳೆಯುತ್ತದೆ. ಕೋಸು ವಿಪರೀತ ಹುಳಿಯಿದ್ದರೆ ಒಂದೇ ಸಲ ತೊಳೆಯಬೇಕು, ಎರಡು ಸಲ ತೊಳೆದರೆ ನಾರು ಮಾತ್ರ ಉಳಿಯುತ್ತದೆ. ಕೊಬ್ಬು ಸವರಿದ ಪಾತ್ರೆಗೆ ಕೋಸು, ಅಕ್ಕಿ ಬೆರೆಸಿದ ಖೀಮಾ, ಬಿಲ್ಲೆ ಕತ್ತರಿಸಿದ ಸಾಸೇಜು, ಮತ್ತೆ ಕೋಸು, ಮೇಲೆ ಹುಳಿಕೆನೆ. 180 ಡಿಗ್ರಿಯಲ್ಲಿ ಸುಮಾರು ಒಂದು ಗಂಟೆ, ಅಂಚು ಕೆಂಪಗಾಗುವವರೆಗೆ.

ಬಿಸಿ ಮಾಡಿ ತಿಂದರೆ ಚೆನ್ನಾಗಿರುವುದು ಕೋಸಿನ ಕಡುಬು ಮಾತ್ರ ಎಂದು, ಮುರಿದ ಪ್ರೇಮವನ್ನು ಮತ್ತೆ ಕುದುರಿಸಲು ಹೋಗುವವರಿಗೆ ಹಂಗೇರಿಯನ್ನರು ಹೇಳುವುದುಂಟು. ಪದರದಡುಗೆಯೂ ಮರುದಿನವೇ ಹೆಚ್ಚು ರುಚಿ.

ಹೆಸರು ಕೊಟ್ಟ ಊರು ಈಗ ಹಂಗೇರಿಯಲ್ಲಿಲ್ಲ. ಮೊದಲ ಮಹಾಯುದ್ಧದ ನಂತರ, 1920ರ ಟ್ರಿಯನಾನ್ ಒಪ್ಪಂದದಂತೆ ಟ್ರಾನ್ಸಿಲ್ವೇನಿಯ ರುಮೇನಿಯಕ್ಕೆ ಸೇರಿತು. ಕೊಲೊಜ್ವಾರ್ ಕ್ಲೂಜ್ ಆಯಿತು. ಅಲ್ಲಿನ ಹೋಟೆಲುಗಳಲ್ಲಿ ಕೋಸು, ಖೀಮಾ, ಅಕ್ಕಿ, ಹುಳಿಕೆನೆಯ ಇದೇ ಪದರಗಳನ್ನು ವರ್ಜಾ ಅ ಲಾ ಕ್ಲೂಜ್ ಎಂಬ ಹೆಸರಿನಲ್ಲಿ ಬಡಿಸುತ್ತಾರೆ.