ಅಲಹಾಬಾದಿನಲ್ಲಿ ಕೇಳಿದ ಒಂದು ಪ್ರಶ್ನೆ

ನಮ್ಮ ಮಾತುಕತೆ ಕಾರ್ಯಕ್ರಮವೊಂದರ ಧ್ವನಿಮುದ್ರಣ ಮುಗಿದು ಸ್ಟುಡಿಯೋದ ದೀಪಗಳು ಆರುತ್ತಿದ್ದ ಹೊತ್ತು. ಪ್ರೇಕ್ಷಕರ ಸಾಲಿನಲ್ಲಿ ಎನ್.ಸಿ.ಸಿ. ಸಮವಸ್ತ್ರ ತೊಟ್ಟು ಕುಳಿತಿದ್ದ ವಿದ್ಯಾರ್ಥಿನಿಯೊಬ್ಬಳು ನನ್ನ ಬಳಿ ಬಂದಳು. ಅವರ ಕಾಲೇಜಿನಲ್ಲಿ ಪ್ರತಿಯೊಬ್ಬ ಕೆಡೆಟ್‌ಗೂ ಒಬ್ಬ ಹಿರಿಯರನ್ನು ಮಾರ್ಗದರ್ಶಕರನ್ನಾಗಿ ಗೊತ್ತುಮಾಡಿದ್ದಾರಂತೆ. ಈಕೆಗೆ ಸಿಕ್ಕವರು ನಿವೃತ್ತ ಕರ್ನಲ್. "ತಿಂಗಳಿಗೊಮ್ಮೆ ಹೋಗ್ತೀನಿ ಸಾರ್. ಕಾಫಿ ಕೊಡ್ತಾರೆ. ಓದು ಹೇಗಿದೆಯಮ್ಮಾ ಅಂತಾರೆ. ಚೆನ್ನಾಗಿದೆ ಅಂತೀನಿ. ಅಲ್ಲಿಗೆ ಮುಗೀತು. ಅವರ ಹತ್ತಿರ ಏನು ಕೇಳಬೇಕು ಅಂತಲೇ ಗೊತ್ತಾಗೋದಿಲ್ಲ" ಎಂದಳು.

ಆಗ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಮನೆಗೆ ಹೋಗುವಾಗ ಬಸ್ಸಿನಲ್ಲಿ ನೆನಪಾದದ್ದು ಕೊಡಗಿನ ಇಬ್ಬರು ಸೈನಿಕರು. ಕಾರ್ಯಕ್ರಮದ ಅರ್ಧ ಗಂಟೆಯಲ್ಲಿ ಅವರಿಗೆ ಜಾಗವಿರಲಿಲ್ಲ. ಈ ಪುಟಗಳಲ್ಲಿ ಇದೆ.

ಮೊದಲನೆಯವರು ಕೊಡಂದೇರ ಮಾದಪ್ಪ ಕಾರ್ಯಪ್ಪ. ಮೊದಲನೆಯ ಮಹಾಯುದ್ಧದ ಕೊನೆಯ ವೇಳೆಗೆ, ಭಾರತೀಯರಿಗೂ ಸೈನ್ಯದಲ್ಲಿ ಅಧಿಕಾರಿ ಪದವಿ ಕೊಡಬೇಕೆಂಬ ಒತ್ತಾಯ ಹೆಚ್ಚಾಗಿತ್ತು. ಅದಕ್ಕೆ ಮಣಿದ ಬ್ರಿಟಿಷ್ ಸರ್ಕಾರ ಇಂದೋರಿನ ಡಾಲಿ ಕಾಲೇಜಿನಲ್ಲಿ ಒಂದು ತಾತ್ಕಾಲಿಕ ಕೆಡೆಟ್ ಶಾಲೆಯನ್ನು ತೆರೆಯಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದ್ದ ಕಾರ್ಯಪ್ಪ ಅಲ್ಲಿಗೆ ಆಯ್ಕೆಯಾದರು. 1919ರ ಡಿಸೆಂಬರ್ 1ರಂದು ಅಧಿಕಾರಿಯಾಗಿ ಹೊರಬಂದರು. ಅವರ ಸ್ಥಿತಿಯನ್ನು ಸ್ವಲ್ಪ ಊಹಿಸಿಕೊಳ್ಳಿ. ಊಟದ ಮೇಜಿನ ಶಿಷ್ಟಾಚಾರದಿಂದ ಹಿಡಿದು ರಜೆಯ ಅರ್ಜಿಯವರೆಗೆ ಯಾವುದೇ ಸಂಶಯ ಬಂದರೂ, "ನಿಮ್ಮ ಕಾಲದಲ್ಲಿ ನೀವು ಏನು ಮಾಡಿದಿರಿ ಸಾರ್?" ಎಂದು ಕೇಳಲು ಅದೇ ದಾರಿಯಲ್ಲಿ ಮುಂದೆ ನಡೆದ ಭಾರತೀಯ ಅಧಿಕಾರಿಗಳೇ ಇಲ್ಲ ಎನ್ನುವಂತಿತ್ತು. ಎಡವಿದರೆ ತಾವೇ ಎಡವಬೇಕು, ಕಲಿತರೆ ತಾವೇ ಕಲಿಯಬೇಕು.

ಎರಡನೆಯವರು ಅದೇ ಕೊಡಂದೇರ ಮನೆತನದ ಸುಬ್ಬಯ್ಯ ತಿಮ್ಮಯ್ಯ. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದವರು. ಕಾರ್ಯಪ್ಪನವರಿಗಿಂತ ಏಳು ವರ್ಷ ಕಿರಿಯರು. ಕೂನೂರಿನಲ್ಲಿ, ಆಮೇಲೆ ಬೆಂಗಳೂರಿನಲ್ಲಿ ಶಾಲೆ ಓದಿದ ಮೇಲೆ, 1922ರಲ್ಲಿ ಡೆಹ್ರಾಡೂನಿನಲ್ಲಿ ಹೊಸದಾಗಿ ಆರಂಭವಾದ ಸೈನಿಕ ಕಾಲೇಜಿಗೆ ಸೇರಿದರು. (ಈಗಿನ ರಾಷ್ಟ್ರೀಯ ಇಂಡಿಯನ್ ಮಿಲಿಟರಿ ಕಾಲೇಜು ಅದೇ. 2022ರಿಂದ ಹುಡುಗಿಯರಿಗೂ ಅಲ್ಲಿ ಪ್ರವೇಶವಿದೆ.) ಅಲ್ಲಿಂದ ಮುಂದಿನ ಗುರಿ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. ಇಡೀ ಭಾರತಕ್ಕೆ ಅಲ್ಲಿ ಮೀಸಲಾಗಿದ್ದದ್ದು ವರ್ಷಕ್ಕೆ ಹತ್ತು ಸ್ಥಾನ! ಅದರಲ್ಲಿ ಒಂದನ್ನು ಗಿಟ್ಟಿಸಿಕೊಂಡು, 1926ರ ಫೆಬ್ರವರಿಯಲ್ಲಿ ತಿಮ್ಮಯ್ಯ ಅಧಿಕಾರಿಯಾದರು.

ಆ ಕಾಲದ ತರಬೇತಿಯಲ್ಲಿ 'ಮಾರ್ಗದರ್ಶನ ಯೋಜನೆ' ಎಂಬ ಹೆಸರು ಇರಲಿಲ್ಲ, ಆದರೆ ಏರ್ಪಾಡು ಇತ್ತು. ಹೊಸ ಭಾರತೀಯ ಅಧಿಕಾರಿಯನ್ನು ಮೊದಲು ಸುಮಾರು ಒಂದು ವರ್ಷ ಭಾರತದಲ್ಲಿ ಬೀಡುಬಿಟ್ಟಿರುವ ಬ್ರಿಟಿಷ್ ಪಡೆಯೊಂದರ ಜೊತೆ ಇರಿಸುತ್ತಿದ್ದರು. ನೋಡಿ ಕಲಿಯಲಿ ಎಂದು. ತಿಮ್ಮಯ್ಯ ಬೆಂಗಳೂರಿನಲ್ಲಿದ್ದ ಹೈಲೆಂಡ್ ಲೈಟ್ ಇನ್‌ಫೆಂಟ್ರಿಯಲ್ಲಿ ಆ ದಿನಗಳನ್ನು ಕಳೆದರು. ಆಮೇಲೆ ಭಾರತೀಯ ಪಲ್ಟನ್ನಿಗೆ ಬಂದಾಗ ಇನ್ನೊಬ್ಬ ಗುರು ಸಿಗುತ್ತಿದ್ದ: ಸುಬೇದಾರ. ಇಪ್ಪತ್ತು ವರ್ಷದ ನೌಕರಿಯ, ಮೀಸೆ ಬೆಳ್ಳಗಾದ ಸುಬೇದಾರ ಇಪ್ಪತ್ತೊಂದು ವರ್ಷದ ಹುಡುಗನಿಗೆ ಸಲ್ಯೂಟ್ ಹೊಡೆದು 'ಸಾಹೇಬ್' ಎನ್ನುತ್ತಾನೆ. ಆ ಸಲ್ಯೂಟಿನ ಬೆನ್ನಿಗೇ ಕಾವಲು ಎಲ್ಲಿ ಹಾಕಬೇಕು, ಯಾವ ಸಿಪಾಯಿಯ ಮನೆಯಲ್ಲಿ ಕಷ್ಟವಿದೆ, ಯಾವನನ್ನು ಗದರಬೇಕು, ಯಾವನನ್ನು ಗದರಬಾರದು ಎಂಬುದನ್ನು ಕಲಿಸುತ್ತಾನೆ. ಕೇಳುವ ವಿನಯ ಇದ್ದವನಿಗೆ ಮಾತ್ರ, ಅನ್ನಿ.

ಇಲ್ಲಿ ನನ್ನದೊಂದು ತಪ್ಪನ್ನೂ ಒಪ್ಪಿಕೊಂಡುಬಿಡುತ್ತೇನೆ. ಬಿ.ಎಸ್ಸಿ. ಓದುವಾಗ ನಾನೂ ಕೆಡೆಟ್ ಆಗಿದ್ದೆ. ಹತ್ತು ದಿನದ ಶಿಬಿರದಲ್ಲಿ ನಮಗೆ ಕವಾಯತು ಕಲಿಸಲು ಸೈನ್ಯದಿಂದ ಬಂದಿದ್ದ ಹವಾಲ್ದಾರರು ಗಡಿಯ ಹಿಮದಲ್ಲಿ ವರ್ಷಗಟ್ಟಲೆ ನಿಂತವರು. ಸಂಜೆ ಟೆಂಟಿನ ಮುಂದೆ ಒಬ್ಬರೇ ಕೂತಿರುತ್ತಿದ್ದರು. ನಾನು ಅವರ ಹತ್ತಿರ ಹೋಗಿ ಕೇಳಿದ್ದು ಒಂದೇ: 'ಸಿ' ಸರ್ಟಿಫಿಕೇಟ್ ಪರೀಕ್ಷೆಗೆ ಯಾವ ಪ್ರಶ್ನೆ ಬರುತ್ತೆ ಸಾರ್? ಅವರು ಹೇಳಿದರು, ನಾನು ಬರೆದುಕೊಂಡೆ, ಪಾಸೂ ಆದೆ. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಕೆಲವರು ಉತ್ತರ ಎಷ್ಟು ಬರಬೇಕೆಂದು ಮೊದಲೇ ಕೇಳಿ ತಿಳಿದುಕೊಂಡು, ಆಮೇಲೆ ಬ್ಯುರೆಟ್ ಮುಟ್ಟುತ್ತಾರಲ್ಲ, ಹಾಗೆ.

ಈಗ ತಿಮ್ಮಯ್ಯನವರ ಬಳಿಗೆ ಬರೋಣ. 1928ರಲ್ಲಿ ಅವರು ಸೇರಿದ್ದು 19ನೇ ಹೈದರಾಬಾದ್ ರೆಜಿಮೆಂಟಿನ 4ನೇ ಬೆಟಾಲಿಯನ್. ಇಂದಿನ ಕುಮಾವ್ ರೆಜಿಮೆಂಟಿನ ಪೂರ್ವರೂಪ ಅದು. ಈ ಬೆಟಾಲಿಯನ್ನಿಗೆ ಒಂದು ವಿಶೇಷವಿತ್ತು. 1923ರಲ್ಲಿ ಸರ್ಕಾರ ಸೈನ್ಯದ ಎಂಟೇ ಎಂಟು ಘಟಕಗಳನ್ನು ಆರಿಸಿ, ಇನ್ನು ಮೇಲೆ ಭಾರತೀಯ ಅಧಿಕಾರಿಗಳನ್ನು ಇವುಗಳಿಗೆ ಮಾತ್ರ ಕಳಿಸುವುದೆಂದು ಗೊತ್ತುಮಾಡಿತ್ತು. ಮೇಲ್ನೋಟಕ್ಕೆ ಅದು ಪ್ರಯೋಗ. ಒಳಗಿನ ಲೆಕ್ಕವೇನೆಂದರೆ, ಯಾವ ಬ್ರಿಟಿಷ್ ಅಧಿಕಾರಿಯೂ ಭಾರತೀಯನ ಕೈಕೆಳಗೆ ಕೆಲಸ ಮಾಡುವ ಪ್ರಸಂಗ ಬರಬಾರದು. ಆ ಎಂಟರಲ್ಲಿ ತಿಮ್ಮಯ್ಯನವರ ಬೆಟಾಲಿಯನ್ ಒಂದು. ತರುಣ ಅಧಿಕಾರಿಗಳಿಗೆ ಇದು ತಿಳಿಯದ ವಿಷಯವೇನಲ್ಲ. ಹೊರಗೆ ಹೋದರೆ ಎಷ್ಟೋ ಕ್ಲಬ್ಬುಗಳ ಬಾಗಿಲು ಭಾರತೀಯರಿಗೆ ಮುಚ್ಚಿತ್ತು. ಇತ್ತ ದೇಶದ ಜನರ ಕಣ್ಣಿಗೆ ಇವರು ಪರಕೀಯರ ಸಮವಸ್ತ್ರ ತೊಟ್ಟವರು. ಎರಡೂ ಕಡೆ ಸಲ್ಲದ ಸ್ಥಿತಿ.

ಬೆಟಾಲಿಯನ್ ಅಲಹಾಬಾದಿನಲ್ಲಿದ್ದ ಕಾಲ. ದೇಶದಲ್ಲೆಲ್ಲ ಸ್ವಾತಂತ್ರ್ಯ ಚಳವಳಿಯ ಕಾವು. ತಿಮ್ಮಯ್ಯನವರ ಜೀವನಚರಿತ್ರೆಯಲ್ಲಿ ಆ ಊರಿನ ಪ್ರಸಂಗವೊಂದು ಬರುತ್ತದೆ. ಒಂದು ಸಂಜೆ ನಾಟಕಮಂದಿರದಲ್ಲಿ ಹಿರಿಯರೊಬ್ಬರು ಈ ತರುಣನನ್ನು ಮಾತಿಗೆಳೆದು, ಬ್ರಿಟಿಷ್ ಸೈನ್ಯದ ಸಮವಸ್ತ್ರ ತೊಟ್ಟರೆ ಹೇಗನ್ನಿಸುತ್ತದಪ್ಪಾ ಎಂದು ಕೇಳಿದರಂತೆ. ಬಹಳ ಸೆಕೆ ಎಂಬರ್ಥದ ಒಂದೇ ಮಾತು ತಿಮ್ಮಯ್ಯನವರ ಉತ್ತರ. ಕೇಳಿದವರು ಮೋತಿಲಾಲ್ ನೆಹರೂ. ಆ ತಮಾಷೆಯಿಂದ ಪರಿಚಯ ಬೆಳೆಯಿತು. ನೆಹರೂ ಮನೆತನದ ಸ್ನೇಹವೂ ಆಯಿತು.

ತಮಾಷೆಯ ಹಿಂದೆ ನಿಜವಾದ ಸಂಕಟವಿತ್ತು. ತಾನೂ ಜೊತೆಯ ಕೆಲವು ಭಾರತೀಯ ಅಧಿಕಾರಿಗಳೂ ರಾಜೀನಾಮೆ ಕೊಟ್ಟು ಚಳವಳಿಗೆ ಸೇರಿಬಿಡಬೇಕೇ? ಈ ಪ್ರಶ್ನೆಯನ್ನು ತಿಮ್ಮಯ್ಯ ಯಾರ ಮುಂದೆ ಇಡಬಹುದಿತ್ತು? ಕಮಾಂಡಿಂಗ್ ಆಫೀಸರ್ ಮುಂದೆ? ಸಾಧ್ಯವಿಲ್ಲ. ಸುಬೇದಾರನ ಮುಂದೆ? ಅದು ಅವನ ಅನುಭವದ ಆಚೆಗಿನ ಮಾತು. ಅವರು ಅದನ್ನು ಮೋತಿಲಾಲರ ಮುಂದೆ ಇಟ್ಟರು.

ಈ ಆಯ್ಕೆ ಎಷ್ಟು ಸರಿಯಾಗಿತ್ತು ಎಂಬುದನ್ನು ನೋಡಬೇಕಾದರೆ ಮೋತಿಲಾಲರ ಹಿನ್ನೆಲೆ ಗೊತ್ತಿರಬೇಕು. ಅಸಹಕಾರ ಚಳವಳಿಯ ಕಾಲದಲ್ಲಿ, ಕೈತುಂಬ ಹಣ ತರುತ್ತಿದ್ದ ವಕೀಲಿ ವೃತ್ತಿಯನ್ನು ಬಿಟ್ಟವರು ಅವರು. ಅಷ್ಟೇ ಅಲ್ಲ, ಸೈನ್ಯದಲ್ಲಿ ಭಾರತೀಯ ಅಧಿಕಾರಿಗಳ ಸಂಖ್ಯೆ ಹೆಚ್ಚಿಸುವ ಬಗ್ಗೆ ವಿಚಾರಮಾಡಲು 1925ರಲ್ಲಿ ನೇಮಿಸಿದ ಸ್ಕೀನ್ ಸಮಿತಿಯಲ್ಲಿ ಸದಸ್ಯರಾಗಿದ್ದು, ಮರುವರ್ಷ ಅದಕ್ಕೂ ರಾಜೀನಾಮೆ ಕೊಟ್ಟಿದ್ದರು. ಅಂದರೆ, ಬಿಟ್ಟು ಹೊರನಡೆಯುವುದರಲ್ಲಿ ಪಳಗಿದ ಮನುಷ್ಯ! ಅಂಥವರು 'ನೀನೂ ಬಿಟ್ಟು ಬಾ' ಎಂದಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಅವರು ಹೇಳಿದ್ದು ಅದಕ್ಕೆ ವಿರುದ್ಧ: ಬಿಡಬೇಡ. ಸ್ವಾತಂತ್ರ್ಯ ಇಂದಲ್ಲ ನಾಳೆ ಬಂದೇ ಬರುತ್ತದೆ. ಆ ದಿನ ಬ್ರಿಟಿಷರು ಹೊರಟುಹೋದ ಮೇಲೆ ದೇಶವನ್ನು ಕಾಯಲು ಕೆಲಸ ಗೊತ್ತಿರುವ ನಮ್ಮವರೇ ಬೇಕು. ಅವರ ಸಲಹೆಯ ತಾತ್ಪರ್ಯ ಇಷ್ಟು.

ನನಗೆ ಈ ಪ್ರಸಂಗದಲ್ಲಿ ಮುಖ್ಯವಾಗಿ ಕಾಣುವುದು ಇದೇ. ಮೋತಿಲಾಲರು ತಮ್ಮ ಬದುಕಿನ ನಕಲನ್ನು ಆ ಹುಡುಗನ ಕೈಗೆ ಕೊಡಲಿಲ್ಲ. ಸ್ಕೀನ್ ಸಮಿತಿಯಲ್ಲಿ ಕುಳಿತು, ಸೈನ್ಯದಲ್ಲಿ ನಮ್ಮ ಅಧಿಕಾರಿಗಳು ಎಷ್ಟು ವಿರಳ ಎಂಬುದನ್ನು ಕಣ್ಣಾರೆ ಕಂಡಿದ್ದರು. ಆ ತಿಳುವಳಿಕೆಯಿಂದ ಉತ್ತರ ಕೊಟ್ಟರು. ತಿಮ್ಮಯ್ಯನವರೂ 'ನನ್ನ ಭವಿಷ್ಯ ಹೇಗಿದೆ' ಎಂದು ಗಾಳಿಯಲ್ಲಿ ಪ್ರಶ್ನೆ ತೂರಲಿಲ್ಲ. ರಾಜೀನಾಮೆಯ ಕಾಗದ ಬರೆಯಲೇ ಬೇಡವೇ ಎಂದು ಕೇಳಿದರು. ನಮ್ಮ ಕಾರ್ಯಕ್ರಮದಲ್ಲೂ ಇದನ್ನು ದಿನಾ ಕಾಣುತ್ತೇನೆ. 'ನಿಮ್ಮ ಸಾಧನೆಯ ಬಗ್ಗೆ ಹೇಳಿ' ಎಂದರೆ ಎಂಥ ಅತಿಥಿಯೂ ಆಕಳಿಸುವಂತೆ ಮಾತನಾಡುತ್ತಾರೆ. 'ಆ ದಿನ ಯಾಕೆ ಹಿಂದಕ್ಕೆ ಬಂದಿರಿ?' ಎಂದರೆ ನೆಟ್ಟಗೆ ಕೂರುತ್ತಾರೆ.

ಆ ಸಲಹೆ ಫಲ ಕೊಡುವುದನ್ನು ನೋಡಲು ಮೋತಿಲಾಲರು ಇರಲಿಲ್ಲ. 1931ರ ಫೆಬ್ರವರಿಯಲ್ಲಿ ತೀರಿಕೊಂಡರು. ತಿಮ್ಮಯ್ಯ ಇನ್ನೂ ಹದಿನಾರು ವರ್ಷಕ್ಕೂ ಹೆಚ್ಚು ಕಾಲ ಅದೇ ಸಮವಸ್ತ್ರದಲ್ಲಿ ಕಾಯಬೇಕಾಯಿತು. ಸಲಹೆ ಸರಿಯೋ ತಪ್ಪೋ ಎಂಬುದು ಅಷ್ಟು ದಿನವೂ ಗೊತ್ತಿರಲಿಲ್ಲ. 1936ರಲ್ಲಿ ಅವರನ್ನು ಮದರಾಸಿಗೆ, ಯೂನಿವರ್ಸಿಟಿ ಟ್ರೈನಿಂಗ್ ಕೋರಿನ ಅಡ್ಜುಟೆಂಟ್ ಆಗಿ ಕಳಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಸೈನಿಕ ಶಿಕ್ಷಣ ಕೊಡುತ್ತಿದ್ದ ಈ ಸಂಸ್ಥೆಯೇ ನಮ್ಮ ಎನ್.ಸಿ.ಸಿ.ಯ ಹಿರಿಯಕ್ಕ. ಸಂಕಟ ಹೊತ್ತು ಸಲಹೆ ಕೇಳಲು ಹೋಗಿದ್ದವರು ಈಗ ಸಲಹೆ ಕೊಡುವ ಕುರ್ಚಿಯಲ್ಲಿ ಕುಳಿತರು.

ಆಮೇಲಿನದು ವೇಗವಾಗಿ ಸಾಗಿದ ಕಥೆ. 1945ರ ಆರಂಭದಲ್ಲಿ ಬರ್ಮಾದ ಕಂಗಾವ್ ಕದನದಲ್ಲಿ ತಿಮ್ಮಯ್ಯ, ಥೋರಟ್, ಸೇನ್ ಎಂಬ ಮೂವರು ಭಾರತೀಯರು ಒಂದೇ ಬ್ರಿಗೇಡಿನ ಮೂರು ಬೆಟಾಲಿಯನ್ನುಗಳನ್ನು ನಡೆಸಿದರು. ಎಂಟು ಘಟಕಗಳ ಬೇಲಿ ಅಷ್ಟು ಹೊತ್ತಿಗೆ ಮುರಿದುಬಿದ್ದಿತ್ತು. 1948ರ ನವೆಂಬರ್ 1ರಂದು, ಮೇಜರ್ ಜನರಲ್ ತಿಮ್ಮಯ್ಯನವರ ಯೋಜನೆಯಂತೆ, ಹನ್ನೊಂದು ಸಾವಿರ ಅಡಿಗೂ ಎತ್ತರದ ಜೋಜಿ ಲಾ ಕಣಿವೆಯಲ್ಲಿ ಟ್ಯಾಂಕುಗಳು ಹಿಮ ತುಳಿದುಕೊಂಡು ಮುಂದೆ ಹೋದವು. ಅಷ್ಟು ಎತ್ತರದಲ್ಲಿ ಟ್ಯಾಂಕ್ ಬರುತ್ತದೆಂದು ಶತ್ರುಗಳು ಕನಸಿನಲ್ಲೂ ಎಣಿಸಿರಲಿಲ್ಲ. ಲಡಾಖಿನ ದಾರಿ ತೆರೆಯಿತು. ಆ ಟ್ಯಾಂಕುಗಳು ಯಾವ ದಳದವು ಗೊತ್ತೇ? 7ನೇ ಲೈಟ್ ಕ್ಯಾವಲ್ರಿ. ಹಿಂದೆ ಬೇಲಿ ಹಾಕಿದ್ದ ಎಂಟರಲ್ಲಿ ಅದೂ ಒಂದಾಗಿತ್ತು.

ಎನ್.ಸಿ.ಸಿ. ಕಾಯಿದೆ ಬಂದದ್ದೂ ಅದೇ 1948ರಲ್ಲಿ. ಮರುವರ್ಷದ ಜನವರಿ 15ರಂದು, ಹಿಂದೆ ಕೇಳಲು ಹಿರಿಯರಿಲ್ಲದಿದ್ದ ಕಾರ್ಯಪ್ಪನವರು ಇಡೀ ಸೈನ್ಯದ ಮೊದಲ ಭಾರತೀಯ ದಂಡನಾಯಕರಾದರು. 1957ರಲ್ಲಿ ತಿಮ್ಮಯ್ಯ ಸೇನಾ ಮುಖ್ಯಸ್ಥರಾದರು.

ಆ ವಿದ್ಯಾರ್ಥಿನಿಗೆ ಇದಿಷ್ಟನ್ನೂ ಫೋನಿನಲ್ಲಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಮನೆಯಲ್ಲಿ ನಾನು ಸೈನ್ಯಕ್ಕೆ ಸೇರೋದು ಯಾರಿಗೂ ಇಷ್ಟವಿಲ್ಲ ಸಾರ್. ಅದನ್ನ ಕರ್ನಲ್ ಸಾಹೇಬರ ಹತ್ತಿರ ಹೇಳಬಹುದಾ?" ಎಂದಳು. ಮುಂದಿನ ಭಾನುವಾರವೇ ಹೇಳು, ಕಾಫಿ ಆರುವ ಮೊದಲೇ ಹೇಳು ಎಂದೆ.

ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' ಇದೆ. ಬಹುಕಾಲ ಅಲ್ಲಿ ಸಾರಿಗೆ ಇಲಾಖೆಯ ಕಚೇರಿ ಇತ್ತು. 2021ರಿಂದ ಅದು ವಸ್ತುಸಂಗ್ರಹಾಲಯ. ಕಾಲೇಜು ಪ್ರವಾಸಕ್ಕೆ ಆ ಕಡೆ ಹೋದವರು ರಾಜಾಸೀಟಿನ ಜೊತೆಗೆ ಅದನ್ನೂ ನೋಡಿಕೊಂಡು ಬನ್ನಿ.